ಹೋದ ವರ್ಷದ್ದು ಏನಾಯ್ತು ಸರ್?

ಹೋದ ವರ್ಷದ ಮಕ್ಕಳ ಗ್ರಾಮ ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡುತ್ತಾ ಇದ್ದೆ. ಕೊನೇ ಸಾಲಿನ ಕುರ್ಚಿ ಕೆಳಗೆ ಒಂದು ಚೀಟಿ ಬಿದ್ದಿತ್ತು. ನೋಟ್‌ಬುಕ್ಕಿನ ಹಾಳೆ, ಚಿಕ್ಕದಾಗಿ ಮಡಿಚಿದ್ದು, ಅಂಗೈ ಬೆವರಿಗೆ ಮೆತ್ತಗಾಗಿತ್ತು. ಬಿಡಿಸಿ ನೋಡಿದೆ. "ಹೈಸ್ಕೂಲಲ್ಲಿ ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲು ಹಿಡಿದುಕೊಂಡು ನಿಲ್ಲಬೇಕು." ಕೆಳಗೆ ಹೆಸರಿರಲಿಲ್ಲ.

ಆ ಹುಡುಗಿಗೆ ಸರದಿ ಬಂದೇ ಇರಲಿಲ್ಲ. ಹನ್ನೊಂದಕ್ಕೆ ಅಂದಿದ್ದ ಸಭೆ ಶುರುವಾಗಿದ್ದು ಹನ್ನೆರಡೂವರೆಗೆ. ಸ್ವಾಗತ, ಹಾರ, ಶಾಲು, ಆಮೇಲೆ ದೊಡ್ಡವರ ಭಾಷಣ. ಮೈಕ್ ಮಕ್ಕಳ ಕೈಗೆ ಬರುವಷ್ಟರಲ್ಲಿ ಎರಡು ಗಂಟೆ. ಮೂವರು ಮಾತಾಡಿದರು, ಅದೂ ಬೇರೆಯವರು ಬರೆದುಕೊಟ್ಟಿದ್ದನ್ನು ಓದಿದರು. "ಆಯ್ತು ಮಕ್ಕಳೇ, ನೋಡೋಣ" ಅಂತ ಉತ್ತರ ಬಂತು. ಚಿತ್ರಾನ್ನದ ಪೊಟ್ಟಣ ಕೊಟ್ಟರು, ಫೋಟೋ ತೆಗೆದರು, ಮುಗೀತು. ನಾನೂ ಅಲ್ಲೇ ಇದ್ದೆ, ಊಟ ಹಂಚುತ್ತಾ ಇದ್ದೆ. ಆ ಚೀಟಿಯನ್ನು ನನ್ನ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡೆ.

ನಾನು ಶಿರಾ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಅರಿವು ಕೇಂದ್ರ ಅಂದರೆ ಹಳ್ಳಿ ಲೈಬ್ರರಿಯೇ. 2019ರಲ್ಲಿ ಈ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಆಮೇಲೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಮಕ್ಕಳೂ ಬರೋಕೆ ಶುರು ಮಾಡಿದರು. ಸಂಜೆ ಶಾಲೆ ಬಿಟ್ಟ ಮೇಲೆ ಇಪ್ಪತ್ತು ಮೂವತ್ತು ಮಕ್ಕಳು ಬಂದು ಕೂರುತ್ತಾರೆ. ಅದಕ್ಕೇ ಈ ವರ್ಷ ನವೆಂಬರ್ ಹತ್ತಿರ ಬಂದಾಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನಮ್ಮ ಪಿಡಿಒ ಸರ್ ಹತ್ತಿರ ಹೋಗಿ ಕೇಳಿದೆ: "ಸಭೆಗೆ ಮಕ್ಕಳನ್ನ ನಾನು ತಯಾರು ಮಾಡಲಾ ಸರ್? ಭಾಷಣ ಅಲ್ಲ, ಅವರ ಮಾತು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಮಾಡಿಯಮ್ಮ" ಅಂದರು.

ಮೊದಲ ಶನಿವಾರ ಲೈಬ್ರರಿ ಮುಂದಿನ ಅಂಗಳ ಗುಡಿಸಿ, ರಂಗೋಲಿ ಪುಡಿ ಕೊಟ್ಟು "ನಿಮ್ಮೂರು ಬರೀರಿ" ಅಂದೆ. ನಾನು ಅಂದುಕೊಂಡಿದ್ದು ದೇವಸ್ಥಾನ, ಶಾಲೆ, ಕೆರೆ ಬರೆಯುತ್ತಾರೆ ಅಂತ. ಬರೆದರು. ಆದರೆ ಆಮೇಲೆ ಒಬ್ಬ ಹುಡುಗ ಒಂದು ತಿರುವಿನಲ್ಲಿ ಕೆಂಪು ಚುಕ್ಕೆ ಇಟ್ಟು, "ಇಲ್ಲಿ ನಾಯಿ ಅಟ್ಟಿಸ್ಕೊಂಡು ಬರ್ತವೆ" ಅಂದ. ಇನ್ನೊಬ್ಬಳು ಅರಳಿಕಟ್ಟೆ ಪಕ್ಕದ ದಾರಿಗೆ ಅಡ್ಡಗೆರೆ ಎಳೆದಳು. "ಸಂಜೆ ಅಲ್ಲಿ ಕುಡಿಯೋರು ಕೂತಿರ್ತಾರೆ ಅಕ್ಕ. ನಾವು ಸುತ್ತು ಹಾಕಿಕೊಂಡು ಹೊಲದ ಬದು ಮೇಲೆ ಬರ್ತೀವಿ." ನಾನು ಹುಟ್ಟಿ ಬೆಳೆದ ಊರು ಇದು. ಆ ಅಡ್ಡಗೆರೆ ನನ್ನ ಕಾಲದಲ್ಲೂ ಇತ್ತು. ನಾನೂ ಅದೇ ಬದು ಮೇಲೆ ನಡೆದವಳೇ. ಯಾರಿಗೂ ಹೇಳಿರಲಿಲ್ಲ, ಅಷ್ಟೇ.

ಮಕ್ಕಳು ಊರಿನ ಲೆಕ್ಕ ತೆಗೆಯೋದು ಹೊಸ ವಿಷಯವೇನಲ್ಲ. 1990ರ ದಶಕದಲ್ಲೇ ಕುಂದಾಪುರ ಕಡೆಯ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿ ನಡೆದಿವೆ. ದುಡಿಯುವ ಮಕ್ಕಳೇ ಸೇರಿ ಕಟ್ಟಿಕೊಂಡ ಭೀಮ ಸಂಘ ಅದರ ಹಿಂದೆ ಇತ್ತು. 2006ರಲ್ಲಿ ಸರ್ಕಾರವೇ ಪಂಚಾಯಿತಿಗಳಿಗೆ ಮಕ್ಕಳ ಗ್ರಾಮ ಸಭೆ ಮಾಡಿ ಅಂತ ಹೇಳಿತು. ಇದನ್ನೆಲ್ಲ ನಮ್ಮ ಮಕ್ಕಳಿಗೆ ಹೇಳಿದಾಗ ಒಬ್ಬಳು ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ನಾವು ಕೇಳೋದು ಭಿಕ್ಷೆ ಅಲ್ಲ, ಅಲ್ವಾ ಅಕ್ಕ?"

ಅಲ್ಲ ಕಣೇ ಅಂದೆ.

ಎರಡನೇ ವಾರ ಒಂದು ಕೆಲಸ ಮಾಡಿದೆ. ಮಾಡುವಾಗ ಭಯ ಇತ್ತು. ಹಳೇ ಚಪ್ಪಲಿ ಡಬ್ಬಕ್ಕೆ ಮೇಲೆ ತೂತು ಮಾಡಿ ಇಟ್ಟೆ. "ಬೇಜಾರಾದಾಗ ನೀವು ಯಾರ ಹತ್ತಿರ ಹೇಳ್ತೀರಾ? ಬರೆದು ಹಾಕಿ. ಹೆಸರು ಬೇಡ." ರಸ್ತೆ, ನೀರು, ದೀಪ ಎಲ್ಲ ಸಭೆಯಲ್ಲಿ ಬರುತ್ತೆ. ಮನಸ್ಸಿನ ಮಾತು ಬರಲ್ಲ. ನಮ್ಮ ಮನೆಯಲ್ಲಿ ಅದರ ಪೆಟ್ಟು ನೋಡಿದ್ದೇನೆ. ನಮ್ಮ ದೊಡ್ಡಪ್ಪನ ಮಗ ಪಿಯುಸಿ ಫೇಲಾದ. ಮನೆಯಲ್ಲಿ ಯಾರೂ ಬೈಯಲಿಲ್ಲ. ಮಾತೂ ಆಡಿಸಲಿಲ್ಲ. ಒಂದು ದಿನ ಬೆಳಗಿನ ಬಸ್ ಹತ್ತಿ ಹೋದವನು ಎರಡು ವರ್ಷ ಬರಲಿಲ್ಲ. ಬಂದಾಗ ದೊಡ್ಡಮ್ಮ ಅವನ ತಲೆ ಸವರಿ "ಒಂದು ಮಾತು ಹೇಳಬಾರದಿತ್ತೇನಪ್ಪ" ಅಂತ ಅತ್ತರು. "ಯಾರಿಗೆ ಹೇಳಲಮ್ಮ" ಅಂದ ಅವನು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಡಬ್ಬದಲ್ಲಿ 41 ಚೀಟಿ ಬಂದವು. ರಾತ್ರಿ ಊಟ ಆದ ಮೇಲೆ ಒಬ್ಬಳೇ ಕೂತು ಬಿಡಿಸಿದೆ. "ಫ್ರೆಂಡ್ ಹತ್ತಿರ" ಅಂತ ಕೆಲವರು ಬರೆದಿದ್ದರು. "ಅಮ್ಮ" ಅಂತ ಕೆಲವರು. "ಯಾರಿಗೂ ಇಲ್ಲ" ಅನ್ನುವ ಚೀಟಿಗಳನ್ನು ಒಂದು ಕಡೆ ಜೋಡಿಸುತ್ತಾ ಹೋದೆ. ಆ ಗುಡ್ಡೆಯೇ ದೊಡ್ಡದಾಯಿತು. ಒಬ್ಬರು "ನಮ್ಮ ಹಸು ಹತ್ತಿರ" ಅಂತ ಬರೆದಿದ್ದರು. ಇನ್ನೊಂದು ಚೀಟಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿತ್ತು. ಅಳಿಸಿದ್ದು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು. ನಾನು ಹಿಡಿಯಲಿಲ್ಲ. ಅವರು ಅಳಿಸಿದ್ದನ್ನು ಓದುವ ಹಕ್ಕು ನನಗಿಲ್ಲ ಅನಿಸಿತು.

ಸಭೆಯಲ್ಲಿ ಯಾವ ಚೀಟಿ ಓದಬಹುದು ಅಂತ ಮಕ್ಕಳೇ ತೀರ್ಮಾನ ಮಾಡಲಿ ಅಂದೆ. ಮನೆಯವರು ಇಂಥವರು ಅಂತ ಗೊತ್ತಾಗುವಂಥದ್ದು ಒಂದನ್ನೂ ಓದಬಾರದು ಅಂತ ಅವರೇ ನಿಯಮ ಮಾಡಿಕೊಂಡರು. ಹದಿನಾಲ್ಕು ಹದಿನೈದು ವರ್ಷದ ಮಕ್ಕಳು! ದೊಡ್ಡವರ ಸಭೆಗಳಲ್ಲಿ ಇಷ್ಟು ಜೋಪಾನ ನಾನು ಕಂಡಿಲ್ಲ.

ಸಭೆ ದಿನ ಬೆಳಗ್ಗೆ ಮಂಜು ಇತ್ತು. ರಾಗಿ ಕುಯ್ಲಿನ ಸಮಯ, ಅರ್ಧ ಜನ ಹೊಲದಲ್ಲೇ ಇರುತ್ತಾರೆ ಅಂದುಕೊಂಡಿದ್ದೆ. ಆದರೂ ತಾಯಂದಿರು ಬಂದರು, ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದವರೂ ಇದ್ದರು. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನೀರುಗಂಟಿ, ಸದಸ್ಯರು ಎಲ್ಲ ಬಂದರು. ಹಾರ ಶಾಲು ಬೇಡ ಅಂತ ಮಕ್ಕಳೇ ಅಧ್ಯಕ್ಷರಿಗೆ ಪತ್ರ ಕೊಟ್ಟಿದ್ದರು. ಅಧ್ಯಕ್ಷರು ಪಾಪ ಒಳ್ಳೆಯವರು, ಒಪ್ಪಿಕೊಂಡರು.

ಸಭೆ ನಡೆಸಿದ್ದು ಹತ್ತನೇ ಕ್ಲಾಸಿನ ಹುಡುಗ. ದಿನಾ ಶಾಲೆಗೆ ಮುಂಚೆ ಮೂರು ಮನೆಗೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದುಕೊಡುತ್ತಾನೆ, ಸೈಕಲ್ಲಿನ ಎರಡೂ ಕಡೆ ನೇತುಹಾಕಿಕೊಂಡು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿನ ಮೇಲೆ ಕಂದು ಕಲೆ ಬಿದ್ದ ಮಕ್ಕಳು ಬೇಕಾದಷ್ಟು ಇದ್ದಾರೆ. ಘಟಕ ಯಾವ ಯಾವ ದಿನ ಕೆಟ್ಟಿತ್ತು ಅಂತ ಅವನು ಕ್ಯಾಲೆಂಡರ್ ಮೇಲೇ ಗುರುತು ಹಾಕಿದ್ದ. ಗೋಡೆಯಿಂದ ಕಿತ್ತು ತಂದಿದ್ದ ಕ್ಯಾಲೆಂಡರನ್ನು ಹಾಗೇ ಎತ್ತಿ ಹಿಡಿದು ತೋರಿಸಿದ. ಹಿಂದಿನ ಸಾಲಿನಲ್ಲಿದ್ದ ನೀರುಗಂಟಿ ಅಣ್ಣ ಎದ್ದು ನಿಂತು, "ಹುಡುಗ ಹೇಳ್ತಿರೋದು ಸರಿ ಐತೆ. ಫಿಲ್ಟರ್ ಬದಲಾಯಿಸಬೇಕು ಅಂತ ನಾನೂ ಹೇಳ್ತಾನೇ ಇದೀನಿ" ಅಂದರು. ಅಲ್ಲಿ ಯಾರ ಮೇಲೂ ತಪ್ಪು ಹೊರಿಸುವ ಮಾತು ಬರಲಿಲ್ಲ. ಇಬ್ಬರ ಹತ್ತಿರವೂ ಅದೇ ಲೆಕ್ಕ ಇತ್ತು.

ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದಳು. ಸಣ್ಣ ದನಿ. ಮೈಕ್ ಬಾಯಿಗೆ ಹತ್ತಿರ ಹಿಡಿಯಬೇಕು ಅಂತ ಅವಳಿಗೆ ಗೊತ್ತಾಗೋಕೆ ಎರಡು ಸಾಲು ಬೇಕಾಯಿತು. "ಸರ್, ಹೋದ ವರ್ಷ ಇಲ್ಲೇ ಸಭೆ ಆಗಿತ್ತು. ಆವತ್ತು ಮೂರು ವಿಷಯ ಕೇಳಿದ್ವಿ. ಅದನ್ನ ನಡಾವಳಿ ಪುಸ್ತಕದಲ್ಲಿ ಬರೆದಿದ್ದೀರಾ? ಹೋದ ವರ್ಷದ್ದು ಏನಾಯ್ತು ಸರ್?"

ಸಭೆ ತಣ್ಣಗಾಯಿತು. ಬಿಲ್ ಕಲೆಕ್ಟರ್ ಒಳಗೆ ಹೋಗಿ ಪುಸ್ತಕ ತಂದರು. ಪುಟ ತಿರುವುವ ಸದ್ದು ಮೈಕಿನಲ್ಲಿ ಕೇಳಿಸುತ್ತಿತ್ತು. ಆ ದಿನದ ಪುಟದಲ್ಲಿ ಯಾರು ಯಾರು ಬಂದಿದ್ದರು, ಯಾರು ಭಾಷಣ ಮಾಡಿದರು ಅಂತ ಇತ್ತು. ಕೊನೆಯಲ್ಲಿ "ಮಕ್ಕಳು ತಮ್ಮ ಸಮಸ್ಯೆಗಳನ್ನು ಹೇಳಿಕೊಂಡರು" ಅಂತ ಒಂದೇ ಸಾಲು. ಪಿಡಿಒ ಸರ್ ಆ ಸಾಲನ್ನು ಗಟ್ಟಿಯಾಗಿ ಓದಿದರು. ಓದಿ ಕನ್ನಡಕ ತೆಗೆದರು. "ತಪ್ಪಾಗಿದೆ. ಈ ಸಲ ಒಂದೊಂದನ್ನೂ ಬರೆಸ್ತೀನಿ" ಅಂದರು. ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡ ಅವರನ್ನು ನಾನು ತುಂಬಾ ಗೌರವಿಸುತ್ತೇನೆ.

ಅವಳು ಕೂರಲಿಲ್ಲ. ಚಿಲಕದ ವಿಷಯ ಹೇಳಿದಳು. ಚಿಲಕ ಇಲ್ಲ, ನೀರೂ ಬರಲ್ಲ, ಅದಕ್ಕೇ ತಿಂಗಳಲ್ಲಿ ಮೂರು ನಾಲ್ಕು ದಿನ ಎಷ್ಟೋ ಜನ ಶಾಲೆಗೇ ಬರಲ್ಲ ಅಂತ ನೇರವಾಗಿ ಹೇಳಿದಳು. ಶಾಲೆ ಪಂಚಾಯಿತಿಗೆ ಬರುತ್ತಾ, ಇಲಾಖೆಗೆ ಬರುತ್ತಾ ಅಂತ ವೇದಿಕೆ ಮೇಲೆ ಸ್ವಲ್ಪ ಚರ್ಚೆ ಆಯಿತು. ಆಗ ಕುಡುಗೋಲು ಸಿಕ್ಕಿಸಿಕೊಂಡಿದ್ದ ಒಬ್ಬ ತಾಯಿ ಎದ್ದು, "ಒಂದು ಚಿಲಕಕ್ಕೆ ಎಷ್ಟು ಸ್ವಾಮಿ? ನಾನು ಕೊಡ್ತೀನಿ, ಹಾಕ್ಸಿ" ಅಂದರು. ಆ ಚರ್ಚೆ ಅಲ್ಲಿಗೆ ನಿಂತಿತು.

ಕೊನೆಗೆ ಚೀಟಿಗಳು. ಓದಿದ್ದೂ ಆ ಹುಡುಗಿಯೇ. "ನಮ್ಮ ಹಸು ಹತ್ತಿರ ಹೇಳ್ತೀನಿ" ಅಂತ ಓದಿದಾಗ ದೊಡ್ಡವರು ನಕ್ಕರು. ಅವಳು ನಗು ನಿಲ್ಲುವವರೆಗೆ ಕಾದಳು. ಮತ್ತೆ ಓದಿದಳು: "ಯಾರಿಗೂ ಇಲ್ಲ." ಇನ್ನೊಂದು ಚೀಟಿ ತೆಗೆದಳು: "ಯಾರಿಗೂ ಇಲ್ಲ." ಮತ್ತೊಂದು. ಆರೇಳು ಚೀಟಿ ಹಾಗೇ ಒಂದಾದ ಮೇಲೆ ಒಂದು ಓದಿದಳು. ತಾಯಂದಿರ ಕಡೆ ಯಾರೋ ಮೂಗು ಒರೆಸಿಕೊಂಡರು. ಆಶಾ ಅಕ್ಕ ಎದ್ದು, ಟೆಲಿ ಮನಸ್ ಅಂತ ಸಹಾಯವಾಣಿ ಇದೆ, 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ ಅಂತ ಹೇಳಿದರು. ಮಕ್ಕಳಿಗೆ ತೊಂದರೆ ಆದರೆ 1098 ಅಂತಲೂ ಹೇಳಿದರು. ಮಕ್ಕಳು ಅಂಗೈ ಮೇಲೆ ಬರೆದುಕೊಂಡರು. ಆದರೆ ಒಬ್ಬ ಹುಡುಗ ಕೇಳಿದ: "ಫೋನ್ ಅಪ್ಪನ ಹತ್ತಿರ ಇರುತ್ತೆ ಅಕ್ಕ. ಅಪ್ಪನ ವಿಷಯಾನೇ ಹೇಳಬೇಕಂದ್ರೆ?" ಅದಕ್ಕೆ ಲೈಬ್ರರಿ ಫೋನು ಕೊಡುತ್ತೇನೆ, ಕೇಳುವವರು ಯಾರೂ ಇರಲ್ಲ, ಹೊರಗೆ ಹೋಗಿ ನಿಂತಿರುತ್ತೇನೆ ಅಂದೆ. ಅವತ್ತು ನಾನು ಸಭೆಯಲ್ಲಿ ಆಡಿದ್ದು ಅದೊಂದೇ ಮಾತು.

ಇನ್ನೊಂದು ವಿಷಯ ಅವತ್ತೇ ಗೊತ್ತಾಯಿತು. ಶಾಮಿಯಾನದ ಆಚೆ ಬೈಕಿಗೆ ಒರಗಿಕೊಂಡು ಏಳೆಂಟು ಹುಡುಗರು ನಿಂತಿದ್ದರು, ಹತ್ತೊಂಬತ್ತು ಇಪ್ಪತ್ತು ವರ್ಷದವರು. ಬನ್ನಿ ಅಂದೆ. "ನಾವು ಮಕ್ಕಳಲ್ಲ ಅಕ್ಕ. ದೊಡ್ಡವರ ಸಭೇಲಿ ನಮ್ಮನ್ನ ಹುಡುಗರು ಅಂತಾರೆ. ನಮಗೆ ಯಾವ ಸಭೆ?" ಅಂದ ಒಬ್ಬ. ನಿಜ ಅಲ್ವಾ? ಹದಿನೆಂಟಕ್ಕೆ ವೋಟು ಬರುತ್ತೆ. ಪಂಚಾಯಿತಿಗೆ ನಿಲ್ಲೋಕೆ ಇಪ್ಪತ್ತೊಂದು ಆಗಬೇಕು. ನಡುವಿನ ಮೂರು ವರ್ಷ ಅವರನ್ನು ಕರೆಯೋದು ಚುನಾವಣೆಯಲ್ಲಿ ಬಾವುಟ ಕಟ್ಟೋಕೆ, ಗಣೇಶನ ಹಬ್ಬಕ್ಕೆ ಚಂದಾ ಎತ್ತೋಕೆ. ಓದು ನಿಲ್ಲೋದು, ಕೆಲಸ ಸಿಗದೇ ಇರೋದು, ಕುಡಿತ ಅಂಟೋದು ಎಲ್ಲ ಆ ವಯಸ್ಸಲ್ಲೇ. ಅವರಿಗಾಗಿಯೇ ಯುವ ಸ್ಪಂದನ ಅಂತ ಇದೆ. ಯುವಜನ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ನಡೆಸುವ ಕಾರ್ಯಕ್ರಮ, ಜಿಲ್ಲೆ ಜಿಲ್ಲೆಯಲ್ಲೂ ಕೇಂದ್ರ ಇದೆ, ಅಲ್ಲಿ ಮಾತಾಡಿಸುವವರೂ ಯುವಕರೇ. ನಮ್ಮ ಹುಡುಗರಲ್ಲಿ ಒಬ್ಬನೂ ಆ ಹೆಸರು ಕೇಳಿರಲಿಲ್ಲ. ಆ ಭಾನುವಾರ ಸಂಜೆ ಲೈಬ್ರರಿಗೆ ಬನ್ನಿ ಅಂದೆ. ಮೂವರು ಬಂದರು. ಮುಂದಿನ ವಾರ ಆರು ಜನ. ಅರಳಿಕಟ್ಟೆ ದಾರಿಗೆ ದೀಪ ಹಾಕಿಸುವ ಅರ್ಜಿ ಬರೆದಿದ್ದು ಅವರೇ. ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಈಗ ಅವರಲ್ಲಿ ಇಬ್ಬರು ಆ ಕಟ್ಟೆ ಮೇಲೆ ಕೂತಿರುತ್ತಾರೆ, ಪುಸ್ತಕ ಹಿಡಿದುಕೊಂಡು.

ಚಿಲಕ ನಾಲ್ಕನೇ ದಿನಕ್ಕೆ ಬಂತು. ಟ್ಯಾಂಕಿಗೆ ಪೈಪು ಎಳೆಯೋಕೆ ಮೂರು ವಾರ ಆಯಿತು. ಫಿಲ್ಟರ್ ಬದಲಾಗಿದೆ. ಮಕ್ಕಳು ಕೇಳಿದ್ದ ಬೆಳಗಿನ ಬಸ್ ಮಾತ್ರ ಇನ್ನೂ ಎಂಟೂವರೆಗೆ ಬರುತ್ತಿಲ್ಲ.

ಸಭೆ ಆದ ಸೋಮವಾರ ಆ ಹುಡುಗಿ ಪಂಚಾಯಿತಿ ಆಫೀಸಿಗೆ ಹೋಗಿ ನಡಾವಳಿ ಕೇಳಿದಳಂತೆ. ಜೆರಾಕ್ಸ್ ಮಿಷನ್ ಕೆಟ್ಟಿತ್ತು. ಅಲ್ಲೇ ನೆಲದ ಮೇಲೆ ಕೂತು ಹದಿನೇಳು ವಿಷಯವನ್ನೂ ಕೈಯಲ್ಲಿ ಬರೆದುಕೊಂಡು ಬಂದಳು. ಆ ಹಾಳೆಗಳು ಈಗ ಲೈಬ್ರರಿಯ ಬೀರುವಿನಲ್ಲಿವೆ. ಆಗಿರುವ ಕೆಲಸದ ಮುಂದೆ ಹಸಿರು ಗೀಟು, ಆಗದೇ ಇರುವುದರ ಮುಂದೆ ಪತ್ರ ಹಾಕಿದ ತಾರೀಕು. ಹೋದ ವರ್ಷದ ಆ ಮೆತ್ತಗಾದ ಚೀಟಿ ನಿಂದೇನಾ ಅಂತ ನಾನು ಅವಳನ್ನು ಕೇಳಿಲ್ಲ. ನಿನ್ನೆ ಸಂಜೆ ಬಂದು ಬಸ್ಸಿಗೆ ಮೂರನೇ ಪತ್ರ ಬರೆಯಬೇಕು ಅಕ್ಕ ಅಂದಳು. ಈ ಸಲ ಪಕ್ಕದ ಎರಡು ಊರಿನ ಮಕ್ಕಳ ಸಹಿಯೂ ಹಾಕಿಸುತ್ತಾಳಂತೆ. ಲೈಬ್ರರಿಯಲ್ಲಿ ಉದ್ದ ಹಾಳೆ ಇದೆಯಾ ಅಂತ ಕೇಳಿದಳು. ಬೀರು ತೆಗೆದು ಕೊಟ್ಟೆ.