ಕಬರೇಟೆಯಲ್ಲಿ ಗಾಳಿ ಆಟ: ಎಚ್ಚರ ಬೇಕಿರುವುದು ಮರಳಿನ ಮೇಲೆ

ಡೊಮಿನಿಕನ್ ರಿಪಬ್ಲಿಕ್‌ನ ಉತ್ತರ ಕರಾವಳಿಯ ಕಬರೇಟೆಗೆ ಕೈಟ್‌ಸರ್ಫಿಂಗ್ (ಕೈಟ್ ಎಂಬ ದೊಡ್ಡ ಗಾಳಿಪಟ ಎಳೆದಂತೆ ಬೋರ್ಡ್ ಮೇಲೆ ನಿಂತು ಸಾಗುವ ಆಟ) ಇಲ್ಲವೇ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡಿನ ಆಟ) ಆಡಲು ಹೊರಟವರು ಸಾಮಾನ್ಯವಾಗಿ ವಿಚಾರಿಸುವುದು ಅಲೆಯ ಎತ್ತರ, ಹವಳದ ದಿಬ್ಬದ ದೂರ. ಅದಕ್ಕಿಂತ ಮೊದಲು ತಿಳಿದುಕೊಳ್ಳಬೇಕಾದ್ದು ಮರಳಿನ ಅಗಲ ಎಷ್ಟು, ಗಾಳಿ ಹೋಗುವ ಕಡೆ ಏನೇನಿದೆ ಎಂಬುದು. ದೂರದಲ್ಲಿ ಎಡವಿದವರು ಬಹುತೇಕ ನೀರಿಗೇ ಬೀಳುತ್ತಾರೆ. ದಂಡೆಯಲ್ಲಿ ಎಡವಿದರೆ ಸಿಗುವುದು ತೆಂಗಿನ ಮರ, ಕಟ್ಟಡದ ಗೋಡೆ, ಬಿಸಿಲು ಕಾಯಿಸುತ್ತ ಮಲಗಿದ ಜನ, ಇನ್ನೊಬ್ಬರ ಕೈಟಿನ ಹಗ್ಗ, ಅಂದರೆ ಲೈನು.

ಇಲ್ಲಿನ ಗಾಳಿಗೆ ಎರಡು ಮೂಲ. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತ ಒಂದು. ಬಿಸಿಲೇರಿ ನೆಲ ಕಾದಾಗ ಸಮುದ್ರದಿಂದ ಒಳನುಗ್ಗುವ ಕಡಲಗಾಳಿ ಇನ್ನೊಂದು. ಬೆಳಗ್ಗೆ ಗಾಳಿ ಸಪ್ಪೆ. ಆ ಹೊತ್ತಿಗೆ ಪಶ್ಚಿಮದ ಎನ್‌ಕ್ವೆಂಟ್ರೊ ದಂಡೆಯಲ್ಲಿ ಸರ್ಫಿಂಗ್ ನಡೆಯುತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಗಾಳಿ ಕೂಡಿ, ಸಮುದ್ರಕ್ಕೆ ಮುಖ ಮಾಡಿ ನಿಂತವರ ಬಲಗಡೆಯಿಂದ ದಂಡೆಗೆ ಓರೆಯಾಗಿ ಬೀಸತೊಡಗುತ್ತವೆ. ಬೇಸಿಗೆಯಲ್ಲಿ, ಜೂನ್‌ನಿಂದ ಆಗಸ್ಟ್‌ವರೆಗೆ, ಇದು ಹೆಚ್ಚು ನಂಬಿಕೆಗೆ ಅರ್ಹ. ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನಿಂದ ದೊಡ್ಡ ಅಲೆ ಬರುತ್ತದೆ. ಬೆಳಗ್ಗೆಯೇ ದಕ್ಷಿಣದ ಬೆಟ್ಟಗಳ ಮೇಲೆ ದಟ್ಟ ಮೋಡ ಕವಿದಿದ್ದರೆ ನೆಲ ಸರಿಯಾಗಿ ಕಾಯುವುದಿಲ್ಲ. ಗಾಳಿ ಕಡಿಮೆಯಿರುತ್ತದೆ, ದೊಡ್ಡ ಕೈಟನ್ನೇ ಬಳಸಲು ಸಿದ್ಧ ಮಾಡಿಕೊಳ್ಳಿ. ಪೂರ್ವದಲ್ಲಿ ಮಳೆ ಕಪ್ಪಗೆ ಇಳಿಯುತ್ತಿರುವುದು ಕಂಡರೆ ಯಾವ ಕೈಟೂ ಬೇಡ. ಮಳೆಯ ಮುಂದೆ ಗಾಳಿ ದಿಢೀರನೆ ಏರುತ್ತದೆ, ಮಳೆ ದಾಟಿದ ಮೇಲೆ ಪೂರ್ತಿ ಬಿದ್ದುಹೋಗಬಹುದು. ಎರಡೂ ಕೆಟ್ಟದ್ದೇ.

75 ಕೆಜಿ ತೂಕದವರಿಗೆ 14ರಿಂದ 18 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿಗೆ 12 ಚದರ ಮೀಟರ್, 18ರಿಂದ 24ಕ್ಕೆ 9, ಅದಕ್ಕಿಂತ ಮೇಲೆ 7 ಎಂಬುದು ಒಳ್ಳೆಯ ಆರಂಭದ ಲೆಕ್ಕ. ಯಾವ ಅಳತೆ ಎಂದು ಅನುಮಾನ ಬಂದರೆ ಚಿಕ್ಕದನ್ನೇ ಹಿಡಿಯಿರಿ. ಮಧ್ಯಾಹ್ನ ಒಂದಕ್ಕೆ ಸರಿಹೋದ ಕೈಟ್ ಮೂರು ಗಂಟೆಗೆ ದೊಡ್ಡದಾಗುವ ಊರು ಇದು.

ಕೈಟಿನವರು ಕೊಲ್ಲಿಯ ಪಶ್ಚಿಮ ತುದಿಯ ಬೋಜೊ ಬೀಚ್‌ನಲ್ಲಿ, ಇಲ್ಲವೇ ಇನ್ನೂ ಪಶ್ಚಿಮದ ಕೈಟ್ ಬೀಚ್‌ನಲ್ಲಿ ಇಳಿಯುತ್ತಾರೆ. ವಿಂಡ್‌ಸರ್ಫಿಂಗ್ ಪಟ್ಟಣದ ಎದುರಿನ ಕೊಲ್ಲಿಯಲ್ಲಿ. ಕೈಟುಗಳು ಗಾಳಿ ಹೋಗುವ ಕಡೆ ಇರುವುದರಿಂದ ಅವುಗಳ ತೊಂದರೆ ಹಾಯಿಯವರತ್ತ ತೇಲಿ ಬರುವುದಿಲ್ಲ. ಈ ಏರ್ಪಾಡನ್ನು ಎಲ್ಲರೂ ಗೌರವಿಸಬೇಕು.

ಪಂಪ್ ಮಾಡುವ ಮೊದಲು ಪಂಪಿನ ದಾರವನ್ನು ಕೈಟಿಗೆ ಸಿಕ್ಕಿಸಿ, ಇಲ್ಲದಿದ್ದರೆ ಅರ್ಧ ಉಬ್ಬಿದ ಕೈಟ್ ಕೈತಪ್ಪಿ ಜನರ ಮೇಲೆ ಹೋಗುತ್ತದೆ. ಒತ್ತಡ ಕೈಟಿನ ಮೇಲೆ ಬರೆದಷ್ಟಿರಲಿ, ಸಾಮಾನ್ಯವಾಗಿ 6ರಿಂದ 8 ಪಿಎಸ್‌ಐ. ಮುಂಭಾಗದ ಕೊಳವೆಯನ್ನು ಬೆರಳಿನಿಂದ ಚಿಮ್ಮಿದರೆ ಬಿಗಿಯಾದ ಸದ್ದು ಬರಬೇಕು. ಮೆತ್ತಗಿದ್ದರೆ ಜೋರು ಗಾಳಿಗೆ ನಡುವೆ ಮಡಚಿಕೊಳ್ಳುತ್ತದೆ, ನೀರಿಗೆ ಬಿದ್ದ ಮೇಲೆ ಮತ್ತೆ ಏಳಲು ಸತಾಯಿಸುತ್ತದೆ.

ಲೈನ್ ಕಟ್ಟುವಾಗ ಆತುರ ಪಡಬೇಡಿ. ಬಾರ್‌ನಿಂದ (ಕೈಟ್ ತಿರುಗಿಸಲು ಕೈಯಲ್ಲಿ ಹಿಡಿಯುವ ಕೋಲು) ಕೈಟಿನವರೆಗೆ ನಡೆಯುತ್ತ ನಾಲ್ಕೂ ಲೈನುಗಳನ್ನು ಬೆರಳುಗಳ ನಡುವೆ ಬಿಡಿಸಿ. ಬಾರ್‌ನ ಕೆಂಪು ತುದಿ ಎಡಗೈಗೆ. ಹಿಂದಿನ ಎರಡು ಲೈನು ಅದಲುಬದಲಾದರೆ ಕೈಟ್ ಏರಿದ ಕ್ಷಣವೇ ಪೂರ್ತಿ ಬಲದಲ್ಲಿ ಗಿರಗಿರ ಸುತ್ತತೊಡಗುತ್ತದೆ. ತಿರುಗಿಸಲು ಹೋದಷ್ಟೂ ತಪ್ಪು ದಿಕ್ಕಿಗೇ ಹೋಗುತ್ತದೆ. ಆಗ ಮಾಡುವುದು ಒಂದೇ, ಬಾರ್ ಬಿಟ್ಟು, ಕೈಟಿನ ಎಳೆತವನ್ನು ತಕ್ಷಣ ತಪ್ಪಿಸುವ ಕ್ವಿಕ್ ರಿಲೀಸ್ ಒತ್ತುವುದು. ಅದರ ಜಾಗ ಕಣ್ಣುಮುಚ್ಚಿದರೂ ಕೈಗೆ ಸಿಗುವಂತಿರಬೇಕು. ಮರಳು ಸಿಕ್ಕಿಕೊಂಡು ರಿಲೀಸ್ ಬಿಗಿಯಾಗುವುದುಂಟು, ಆದ್ದರಿಂದ ಪ್ರತಿದಿನ ಒಮ್ಮೆ ಒತ್ತಿ ನೋಡಿ ನೀರಲ್ಲಿ ತೊಳೆಯಿರಿ.

ಏರಿಸುವಾಗ ಕೈಟ್ ಸಮುದ್ರದ ಕಡೆ, ನೀವು ಮರಳಿನ ಕಡೆ. ಗಾಳಿ ಹೋಗುವ ಕಡೆ ಕನಿಷ್ಠ ಎರಡು ಲೈನಿನಷ್ಟು, ಅಂದರೆ 50 ಮೀಟರ್, ಖಾಲಿ ಇರಬೇಕು. ಸಹಾಯಕ ಹಿಡಿದ ಕೈಟ್ ಪಟಪಟ ಬಡಿದುಕೊಳ್ಳುತ್ತಿದ್ದರೆ ಅದು ಗಾಳಿಗೆ ಇನ್ನೂ ತೆರೆದುಕೊಂಡಿಲ್ಲ. ನೀವು ಗಾಳಿ ಬರುವ ಕಡೆಗೆ ಒಂದೆರಡು ಹೆಜ್ಜೆ ಇಡಿ. ಬಡಿತ ನಿಂತು ಬಟ್ಟೆ ತುಂಬಿಕೊಂಡು, ಲೈನುಗಳು ಹಗುರವಾಗಿ ಬಿಗಿದರೆ ಸರಿಯಾಗಿದೆ. ಸಹಾಯಕ ಕೈಟನ್ನು ಹಿಡಿದಿಡಲು ಒದ್ದಾಡುತ್ತಿದ್ದರೆ ನೀವು ಗಾಳಿ ಬರುವ ಕಡೆ ತುಂಬ ಹೋಗಿದ್ದೀರಿ. ಕೈಟ್ ಬಿಡಲು ಸಂಜ್ಞೆಯಾದ ಹೆಬ್ಬೆರಳು ಎತ್ತಬೇಡಿ, ವಾಪಸ್ ಬನ್ನಿ. ಸಹಾಯಕ ಕೈಟನ್ನು ಎಸೆಯಬಾರದು, ಬಿಟ್ಟರೆ ಸಾಕು. ಏರಿದ ಮೇಲೆ ನೇರ ನೆತ್ತಿಗೆ ತಂದು ನಿಂತು ಹರಟೆ ಹೊಡೆಯುವುದು ಬಹಳ ಕಡೆ ಕಾಣುವ ಕೆಟ್ಟ ಅಭ್ಯಾಸ. ಒಂದೇ ಒಂದು ಜೋರು ಗಾಳಿ ಆಗ ಮನುಷ್ಯನನ್ನು ಎತ್ತಿ ಒಯ್ಯುತ್ತದೆ. ಕೈಟನ್ನು ಸಮುದ್ರದ ಮೇಲೆ ತಗ್ಗಿನಲ್ಲೇ ಇಟ್ಟುಕೊಂಡು ತಕ್ಷಣ ನೀರಿಗೆ ನಡೆಯಿರಿ.

ದಾರಿಯ ನಿಯಮ ಇಲ್ಲಿ ಸುಲಭ. ಬಲಗಾಲು ಮುಂದಿಟ್ಟು ಹೋಗುವವರಿಗೆ ಎದುರು ಬರುವವರು ದಾರಿ ಬಿಡಬೇಕು ಎಂಬುದು ಎಲ್ಲೆಡೆಯ ನಿಯಮ. ಕಬರೇಟೆಯಲ್ಲಿ ಗಾಳಿ ಬಲಗಡೆಯಿಂದ ಬರುವುದರಿಂದ ಸಮುದ್ರದತ್ತ ಹೊರಟವರೇ ಬಲಗಾಲಿನವರು. ದಂಡೆಯಿಂದ ಹೊರಡುವವರಿಗೆ ಮೊದಲ ಅವಕಾಶ ಎಂಬ ಇನ್ನೊಂದು ನಿಯಮವೂ ಅವರ ಪರವೇ. ಅಲೆಯೇರಿ ಬರುವವರು ಮಾತ್ರ ಇದಕ್ಕೆ ಹೊರತು, ದಿಬ್ಬದ ಬಳಿ ಅವರಿಗೇ ದಾರಿ. ಇಬ್ಬರು ಕೈಟಿನವರು ಹಾಯುವಾಗ ಗಾಳಿ ಬರುವ ಕಡೆ ಇರುವವರು ಕೈಟ್ ಮೇಲೆತ್ತಬೇಕು, ಇನ್ನೊಬ್ಬರು ತಗ್ಗಿಸಬೇಕು. ಹಾರುವ ಮೊದಲು ಗಾಳಿ ಹೋಗುವ ಕಡೆ 50 ಮೀಟರ್, ಬರುವ ಕಡೆ 30 ಮೀಟರ್ ಖಾಲಿ ಇದೆಯೇ ನೋಡಿಕೊಳ್ಳಿ. ವಿಂಡ್‌ಸರ್ಫರ್ ಹತ್ತಿರವಿದ್ದರೆ ಇನ್ನೂ ಹೆಚ್ಚು ಬಿಡಿ. ಅವರ ಹಾಯಿ ನಾಲ್ಕು ಮೀಟರಿಗೂ ಹೆಚ್ಚು ಎತ್ತರ, ಅದರ ಮರೆಯಲ್ಲಿ ನಿಮ್ಮ ಲೈನ್ ಅವರಿಗೆ ಕಾಣುವುದಿಲ್ಲ.

ವಿಂಡ್‌ಸರ್ಫಿಂಗ್‌ನವರು ಎಡವುವುದು ಹಾಯಿ ಕಟ್ಟುವಲ್ಲೇ. ಕೆಳಕ್ಕೆ ಎಳೆಯುವ ಡೌನ್‌ಹಾಲ್ ಹಗ್ಗ ಸಾಲದಿದ್ದರೆ ಹಾಯಿಯ ಬಲ ಹಿಂದಕ್ಕೆ ಜಾರಿ ಹಿಂಗೈ ಸೋಲುತ್ತದೆ. ಮೇಲಿನ ಹಿಂಬದಿ ಅಂಚು ಹಾಯಿಯಲ್ಲಿ ಗುರುತಿಸಿದ ಜಾಗದವರೆಗೆ ಸಡಿಲವಾಗುವಷ್ಟು ಎಳೆಯಿರಿ, ಆಮೇಲೆ ಹಾಯಿಯನ್ನು ಹಿಂದಕ್ಕೆ ಬಿಗಿಯುವ ಔಟ್‌ಹಾಲ್ ಹಗ್ಗ ಎರಡು ಮೂರು ಸೆಂಟಿಮೀಟರ್. ಕೈಯಲ್ಲಿ ಹಿಡಿಯುವ ಅಡ್ಡಕೋಲು, ಅಂದರೆ ಬೂಮ್, ಭುಜಕ್ಕೂ ಗದ್ದಕ್ಕೂ ನಡುವೆ. ನೀರಿಗಿಳಿಯುವಾಗ ಬೋರ್ಡ್ ಎಂದೂ ನಿಮಗೂ ಅಲೆಗೂ ನಡುವೆ ಅಡ್ಡಡ್ಡ ಬರಬಾರದು, ಮೊಣಕಾಲಿನ ಪೆಟ್ಟು ಬೀಳುವುದೇ ಹಾಗೆ. ಸರ್ಗಾಸಮ್ ಪಾಚಿ ಬಂದ ದಿನ ಬೋರ್ಡಿನಡಿಯ ನೇರ ಫಿನ್ (ಮೀನಿನ ರೆಕ್ಕೆಯಂಥ ಭಾಗ) ತೆಗೆದು ಹಿಂದಕ್ಕೆ ಬಾಗಿದ ಫಿನ್ ಹಾಕಿ. ಪಾಚಿ ಸಿಕ್ಕಿದ ಫಿನ್ ನೀರನ್ನು ಹಿಡಿಯದೆ ಬೋರ್ಡ್ ಪಕ್ಕಕ್ಕೆ ಜಾರುತ್ತದೆ.

ನಡುನೀರಲ್ಲಿ ಕೈಟ್ ಏಳದೇ ಹೋದರೆ ಕ್ವಿಕ್ ರಿಲೀಸ್ ಒತ್ತಿ. ಮೊದಲು ಸೇಫ್ಟಿ ಲೈನನ್ನು (ರಿಲೀಸ್ ಒತ್ತಿದ ಮೇಲೂ ಕೈಟನ್ನು ನಿಮಗೆ ಕಟ್ಟಿಟ್ಟಿರುವ ಲೈನು) ಮಾತ್ರ ಬಾರ್‌ಗೆ ಹಲವು ಮೀಟರ್ ಸುತ್ತಿ, ಆಮೇಲೆ ನಾಲ್ಕೂ ಲೈನುಗಳನ್ನು ಸೇರಿಸಿ ಸುತ್ತಿ. ನಾಲ್ಕನ್ನೂ ಒಟ್ಟಿಗೆ ಸುತ್ತತೊಡಗಿದರೆ ಕೈಟ್ ಮತ್ತೆ ಬಲ ಹಿಡಿಯುತ್ತದೆ. ಬೆರಳಿಗೆ ಲೈನ್ ಸುತ್ತಿಕೊಳ್ಳಬೇಡಿ. ಕೈಟ್ ತಲುಪಿದ ಮೇಲೆ ಅದನ್ನೇ ತೇಲುಬುಟ್ಟಿ ಮಾಡಿಕೊಂಡರೆ ಓರೆಗಾಳಿ ದಂಡೆಗೆ ತಲುಪಿಸುತ್ತದೆ, ಆದರೆ ಹೊರಟ ಜಾಗಕ್ಕಿಂತ ಪಶ್ಚಿಮಕ್ಕೆ.

ಇಳಿಸಲು ತಲೆ ತಟ್ಟಿ ಸಂಜ್ಞೆ ಮಾಡಿ, ಸಹಾಯಕ ನಿಮ್ಮನ್ನು ನೋಡಿದ್ದು ಖಚಿತವಾದ ಮೇಲಷ್ಟೇ ಕೈಟನ್ನು ನಿಧಾನವಾಗಿ ತಗ್ಗಿಸಿ. ಅವರು ಮುಂಭಾಗದ ಕೊಳವೆ ಹಿಡಿದ ಕೂಡಲೇ ಅವರತ್ತ ನಾಲ್ಕು ಹೆಜ್ಜೆ ನಡೆದು ಲೈನ್ ಸಡಿಲಿಸಿ, ಹುಕ್ ಬಿಡಿಸಿ. ಕೊಳವೆ ಗಾಳಿಗೆ ಎದುರಾಗಿ, ಬಟ್ಟೆಯ ಮೇಲೆ ಧಾರಾಳ ಮರಳು. ಲೈನನ್ನು ಆಗಲೇ ಸುತ್ತಿಬಿಡಿ, ಆ ಮರಳಿನ ಮೇಲೆ ಮಕ್ಕಳೂ ಓಡಾಡುತ್ತಾರೆ.