ಬಾಣಲೆ ಒಂದೋ ಎರಡೋ? ಆಲಮಟ್ಟಿಯಲ್ಲಿ ಭಜಿ ಹುಡುಕಿದ ಕಥೆ

ದಸರಾ ರಜೆಯ ಒಂದು ಭಾನುವಾರ ವಿಜಯಪುರದಿಂದ ಆಲಮಟ್ಟಿಗೆ ಹೊರಟೆವು. ಒಂದು ಕ್ರೂಸರ್ ಗಾಡಿ, ಹನ್ನೊಂದು ಜನ. ಮಕ್ಕಳೇ ಐದು. ಡ್ರೈವರ್ ಪಕ್ಕದ ಸೀಟು ನಮ್ಮತ್ತೆಯದು. ಅದರಲ್ಲಿ ಚರ್ಚೆ ಇಲ್ಲ. ಕೊರಳಲ್ಲಿ ಲಿಂಗ, ತೊಡೆಯ ಮೇಲೆ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ.

ಆದರೆ ಅತ್ತೆ ಹೊರಗಿನದನ್ನು ತಿನ್ನುವುದಿಲ್ಲ ಅಂದುಕೊಳ್ಳಬೇಡಿ. ಭಜಿ ಅಂದರೆ ಅವರಿಗೆ ಪ್ರಾಣ. ಎಪ್ಪತ್ತೆರಡರ ವಯಸ್ಸಿನಲ್ಲೂ ಒಂದು ಪ್ಲೇಟ್ ಮಿರ್ಚಿ ಒಬ್ಬರೇ ಮುಗಿಸುತ್ತಾರೆ. ಅವರ ಶರತ್ತು ಒಂದೇ. ಮೀನು, ಮೊಟ್ಟೆ ಬಿದ್ದ ಎಣ್ಣೆಯಲ್ಲಿ ಕರಿದದ್ದಾಗಬಾರದು.

ಮನಗೂಳಿ ದಾಟಿ ನಿಡಗುಂದಿ ಕಡೆ ಹೋಗುವಾಗ ಕೂಡಗಿ ವಿದ್ಯುತ್ ಸ್ಥಾವರದ ಚಿಮಣಿಗಳು ಕಂಡವು. ಮಕ್ಕಳು ಎಣಿಸಿದರು, ಜಗಳ ಆಡಿದರು, ಮಲಗಿದರು. 65 ಕಿಲೋಮೀಟರ್ ಆಸುಪಾಸಿನ ದಾರಿ, ಹೇಳುವಂಥದ್ದು ಬೇರೇನೂ ಆಗಲಿಲ್ಲ.

ಆಣೆಕಟ್ಟೆ ಮುಂದೆ ನಿಂತಾಗ ಅತ್ತೆ ಮಾತು ನಿಲ್ಲಿಸಿದರು. ಅವರ ತವರು ಹಳೆ ಬಾಗಲಕೋಟೆ. ಹಿನ್ನೀರಿಗೆ ಹೋದ ಓಣಿಗಳಲ್ಲಿ ಅವರ ಓಣಿಯೂ ಒಂದು. ಇಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ಕ್ಕೆ. ಆಗ ಅವರಿನ್ನೂ ಪ್ರಧಾನಿ ಆಗಿರಲಿಲ್ಲ. ಅಬ್ದುಲ್ ಕಲಾಂ ಬಂದು ದೇಶಕ್ಕೆ ಅರ್ಪಿಸಿದ್ದು 2006ರ ಆಗಸ್ಟ್‌ನಲ್ಲಿ. ನಡುವೆ ನಲವತ್ತೆರಡು ವರ್ಷ. ನಾನು ಮಕ್ಕಳಿಗೆ ಇದನ್ನೆಲ್ಲ ಹೇಳುತ್ತಿದ್ದರೆ ಅತ್ತೆ ನೀರಿನ ಕಡೆ ಕೈ ಮಾಡಿ, "ಇದರಾಗ ನಮ್ಮ ಭಜಿ ಅಂಗಡಿ ಅದ" ಅಂದರು. ಅಂಗಡಿ ಅವರದಲ್ಲ. ಅವರ ಮನೆ ಎದುರಿಗೆ ಇತ್ತಂತೆ, ಅಷ್ಟೇ. ಕುಸುಬಿ ಎಣ್ಣೆಯಲ್ಲಿ ಕರಿಯುತ್ತಿದ್ದರಂತೆ.

ರಾಕ್ ಗಾರ್ಡನ್ ಮಕ್ಕಳಿಗೆ ಸರಿಯಾದ ಜಾಗ. ಕಲ್ಲು, ಸಿಮೆಂಟಿನ ಪ್ರಾಣಿ, ಹಕ್ಕಿ ಎಲ್ಲ ನೋಡುತ್ತ ಓಡಿದರು. ನಮ್ಮ ಕಿರಿಯವಳು ಇದನ್ನು ಥೀಮ್ ಪಾರ್ಕ್ ಅಂತಲೇ ಕರೆಯುತ್ತಾಳೆ. ನೀರಿನ ಆಟ, ದೊಡ್ಡ ಜೋಕಾಲಿ ಇರುವಂಥ ಪಾರ್ಕ್ ಇದಲ್ಲ. ಆದರೂ ಮಧ್ಯಾಹ್ನ ಮೂರೂವರೆಗೆ ಎಲ್ಲ ಪಾರ್ಕಿನ ಕಥೆಯೂ ಒಂದೇ ಅಲ್ವಾ? ಡಬ್ಬಿಯ ರೊಟ್ಟಿ ಯಾರಿಗೂ ಬೇಡ. ಎಲ್ಲರಿಗೂ ಕರಿದದ್ದೇ ಬೇಕು.

ಉದ್ಯಾನ ಬಿಟ್ಟು ರಸ್ತೆಗೆ ಬಂದೆವು. ಅಲ್ಲಿಂದ ಹುಡುಕಾಟ ಶುರು.

ಮೊದಲ ಗಾಡಿಯಲ್ಲಿ ಗೋಬಿ ಮಂಚೂರಿ. ಕೆಂಪು ಅಂದರೆ ಕುಂಕುಮದಷ್ಟು ಕೆಂಪು. ನಮ್ಮ ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲೇ ಗೋಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಆಯಿತು. ಮಕ್ಕಳನ್ನು ಎಳೆದುಕೊಂಡು ಮುಂದೆ ನಡೆದೆವು.

ಪಕ್ಕದವನ ಹತ್ತಿರ ಬಿಸಿ ಬಿಸಿ ಕಾಂದಾಭಜಿ. ವಾಸನೆಗೇ ಹೊಟ್ಟೆ ಹಸಿಯಿತು. ಅತ್ತೆ ಕೇಳಿದರು, "ತಮ್ಮಾ, ಎಣ್ಣಿ ಯಾವ್ದು?"

"ಸೂರ್ಯಕಾಂತಿ ಅದರಿ."

"ಅದಲ್ಲೋ. ಇದರಾಗ ಮತ್ತೇನ್ ಕರದೀ?"

ಹುಡುಗ ಸ್ವಲ್ಪ ತಡೆದ. "ಮುಂಜಾನಿ ಮೀನಾ ಕರದೀನ್ರಿ ಅಮ್ಮಾರ. ಆದ್ರ ಎಣ್ಣಿ ಸೋಸೀನಿ."

ಹೊಳೆ ದಂಡೆ ಊರು. ಜಲಾಶಯದಲ್ಲಿ ರೋಹು, ಕಟ್ಲಾ ಸಿಗುತ್ತವೆ. ಮೀನು ಕರಿಯದೆ ಅವನಾದರೂ ಏನು ಮಾಡಬೇಕು? ಸುಳ್ಳು ಹೇಳಿದ್ದರೆ ಹತ್ತು ಪ್ಲೇಟ್ ವ್ಯಾಪಾರ ಆಗುತ್ತಿತ್ತು. ಹೇಳಲಿಲ್ಲ. ನಮ್ಮ ಡ್ರೈವರ್ ಅಲ್ಲೇ ಬೆಂಚಿನ ಮೇಲೆ ಕೂತ. "ನೀವು ಹೋಗ್ರಿ, ನಾ ಬರ್ತೀನಿ" ಅಂದ. ಅವನಿಗೆ ಊಟ ಸಿಕ್ಕಿತು.

ನಮ್ಮ ಕಡೆಯ ಊರುಗಳಲ್ಲಿ ಈ ತೊಂದರೆ ಕಡಿಮೆ. ಲಿಂಗಾಯತ ಖಾನಾವಳಿ ಅಂತ ಬೋರ್ಡ್ ಇದ್ದರೆ ಕಣ್ಣು ಮುಚ್ಚಿ ಕೂಡಬಹುದು. ಸಾವಜಿ ಅಂತ ಇದ್ದರೆ ಒಳಗೆ ಮಟನ್ ಅಂತ ಗೊತ್ತು. ಚಿಪ್ಸ್ ಪಾಕೀಟಿನ ಮೇಲೂ ಹಸಿರು ಚುಕ್ಕಿ ಇರುತ್ತದೆ, ಮಾಂಸಾಹಾರಕ್ಕೆ ಈಗ ಕಂದು ತ್ರಿಕೋನ. ಅತ್ತೆಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಚುಕ್ಕಿ ಓದಲು ಚೆನ್ನಾಗಿ ಬರುತ್ತದೆ. ಆದರೆ ಗಾಡಿ ಮೇಲಿನ ಭಜಿಗೆ ಚುಕ್ಕಿ ಹಾಕುವವರು ಯಾರು? ಭಜಿಯೇನೋ ಕಡ್ಲೆಹಿಟ್ಟಿನದೇ. ಎಣ್ಣೆಯ ಹಿಂದಿನ ಕಥೆ ಯಾರಿಗೆ ಗೊತ್ತು?

ಮೂರನೆಯ ಕಡೆ ಎರಡು ಬಾಣಲೆ ಇದ್ದವು. ಒಂದರಲ್ಲಿ ಮೀನು, ಒಂದರಲ್ಲಿ ಮಿರ್ಚಿ. ನಾನು ಖುಷಿಯಾಗಿ ಆರು ಪ್ಲೇಟ್ ಹೇಳಿಯೂಬಿಟ್ಟೆ. ಅತ್ತೆ ನನ್ನ ಸೆರಗು ಜಗ್ಗಿದರು. ಅವರು ನೋಡುತ್ತಿದ್ದದ್ದು ಬಾಣಲೆ ಅಲ್ಲ, ತೂತಿನ ಸೌಟು. ಎರಡಕ್ಕೂ ಅದೊಂದೇ! ಮೀನು ಎತ್ತಿದ, ಬಾಣಲೆ ಅಂಚಿಗೆ ಎರಡು ಸಲ ಬಡಿದ, ಮಿರ್ಚಿಗೆ ಹಾಕಿದ. ನಾನು ಇಪ್ಪತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ನನಗೆ ಇದು ಹೊಳೆದೇ ಇರಲಿಲ್ಲ. ಹೇಳಿದ್ದನ್ನು ವಾಪಸ್ ತೆಗೆದುಕೊಂಡದ್ದಕ್ಕೆ ಅಂಗಡಿಯವನು ಮುಖ ಗಂಟಿಕ್ಕಿದ. ಅದು ನ್ಯಾಯವೇ.

ಮಕ್ಕಳ ಮುಖ ಅಷ್ಟೊತ್ತಿಗೆ ನೋಡುವಂತಿರಲಿಲ್ಲ. ನಮ್ಮವರು ಸುಮ್ನೆ ಬಿಸ್ಕೀಟ್ ಕೊಡಿಸೋಣ ಅಂದರು. ಅತ್ತೆ ಒಪ್ಪಲಿಲ್ಲ. ಮೊಣಕಾಲು ನೋವು ಅಂತ ಗಾರ್ಡನ್‌ನಲ್ಲಿ ಮರದ ಕೆಳಗೆ ಕೂತಿದ್ದವರು ಈಗ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು.

ಸ್ವಲ್ಪ ದೂರದಲ್ಲಿ, ಬೇವಿನ ಮರದ ಕೆಳಗೆ, ಒಬ್ಬಾಕೆ ಒಂದೇ ಒಲೆ ಇಟ್ಟುಕೊಂಡು ಕೂತಿದ್ದಳು. ಒಂದು ಬುಟ್ಟಿ ಚುರಮುರಿ, ಒಂದು ಪಾತೆಲಿ ಹಿಟ್ಟು, ಉದ್ದುದ್ದ ತಿಳಿಹಸಿರು ಮೆಣಸಿನಕಾಯಿ. ಅತ್ತೆ ಅದೇ ಪ್ರಶ್ನೆ ಕೇಳಿದರು.

ಆಕೆ ನಕ್ಕಳು. "ನಾವು ಮನ್ಯಾಗ ಎಲ್ಲಾ ತಿಂತೀವ್ರಿ ಯವ್ವಾ. ಈ ಬಾಣಲ್ಯಾಗ ಮಾತ್ರ ಭಜಿ ಬಿಟ್ರ ಏನೂ ಬಿದ್ದಿಲ್ಲ."

ಅತ್ತೆ ಬಗ್ಗಿ ನೋಡಿದರು. ಒಂದು ಚೂರು ಹಿಟ್ಟು ಬಿಡಲು ಹೇಳಿದರು. ಎಣ್ಣೆ ಹೊಸದಾದರೆ ಗುಳ್ಳೆ ದೊಡ್ಡದಾಗಿ ಎದ್ದು ಒಡೆಯುತ್ತವೆ. ಹಳೆಯದಾದರೆ ಸಣ್ಣ ನೊರೆ ಬಂದು ಹಾಗೇ ನಿಲ್ಲುತ್ತದೆ. ಪದೇ ಪದೇ ಕಾಯಿಸಿದ ಎಣ್ಣೆಗೆ ಸರಕಾರದ ಲೆಕ್ಕವೂ ಇದೆ. ಕಾಯಿಸಿದಷ್ಟೂ ಎಣ್ಣೆ ಕೆಟ್ಟು ಅದರಲ್ಲಿ ಹೆಚ್ಚುವ ಪೋಲಾರ್ ಅಂಶ ಒಟ್ಟು ಶೇ. 25 ದಾಟಿದರೆ ಬಳಸುವಂತಿಲ್ಲ, 2018ರ ಜುಲೈ 1ರಿಂದ ಈ ನಿಯಮ. ಅದನ್ನು ಅಳೆಯಲು ಮೀಟರ್ ಬೇಕು. ಅತ್ತೆಗೆ ಚಿಟಿಕೆ ಹಿಟ್ಟು ಸಾಕು. ಗುಳ್ಳೆ ದೊಡ್ಡದಾಗಿಯೇ ಬಂದವು.

ಆಮೇಲೆ ನಡೆದದ್ದನ್ನು ನಿಧಾನವಾಗಿ ಹೇಳಬೇಕು. ಆಕೆ ಮೆಣಸಿನಕಾಯಿ ಸೀಳಿ ಒಳಗೆ ಜೀರಿಗೆ ಉಪ್ಪು ಸವರಿದಳು. ಅಜವಾನ ಹಾಕಿದ ಗಟ್ಟಿ ಹಿಟ್ಟಿನಲ್ಲಿ ಅದ್ದಿ, ಪಾತೆಲಿ ಅಂಚಿಗೆ ಒಂದು ಕಡೆ ಒರೆಸಿ, ಎಣ್ಣೆಗೆ ಬಿಟ್ಟಳು. ಒಂದು ಸಲಕ್ಕೆ ಎಂಟೇ. ಮೊದಲ ಎಂಟು ಐದು ಮಕ್ಕಳಿಗೆ ಹೋದವು. ಎರಡನೆಯ ಎಂಟೂ ಅವರಿಗೇ. ನಡುವೆ ಗಿರ್ಮಿಟ್ ಕಲಸಿಕೊಟ್ಟಳು. ಹುಣಸೆಹುಳಿ, ಬೆಲ್ಲ, ಉಳ್ಳಾಗಡ್ಡಿಯ ಒಗ್ಗರಣೆಗೆ ಚುರಮುರಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ. ಬೇಗ ತಿನ್ನಬೇಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ನಮ್ಮ ಪಾಳಿ ಬರುವಷ್ಟರಲ್ಲಿ ಅತ್ತ ಸಂಗೀತ ಕಾರಂಜಿಯ ಹಾಡು ಶುರುವಾಗಿತ್ತು. ಹಾಡು ಕೇಳಿಸಿತು, ಕಾರಂಜಿ ಕಾಣಲಿಲ್ಲ. ಯಾರೂ ಏಳಲಿಲ್ಲ.

ಅತ್ತೆ ಐದು ಮಿರ್ಚಿ ತಿಂದರು. "ಹೆಂಗದ ಅತ್ತಿ? ನಿಮ್ಮ ಬಾಗಲಕೋಟಿ ಭಜಿ ಹಂಗದನ?" ಅಂದೆ.

"ಇಲ್ಲ ಬಿಡು. ಇದಕ್ಕ ಹುಣಸಿ ಕಡಿಮಿ" ಅಂದು ಆರನೆಯದಕ್ಕೆ ಕೈ ಹಾಕಿದರು.

ಉಳಿದ ನಾಲ್ಕನ್ನು ರೊಟ್ಟಿ ಡಬ್ಬಿಗೆ ತುಂಬಿಸಿಕೊಂಡು ಗಾಡಿ ಹತ್ತಿದೆವು. ನಿಡಗುಂದಿ ದಾಟಿದ ಮೇಲೆ ಅತ್ತೆ ಡಬ್ಬಿ ತೆಗೆದು ಡ್ರೈವರ್ ಕಡೆ ಹಿಡಿದರು. ಅವನು ಸ್ಟೀರಿಂಗ್‌ನಿಂದ ಕೈ ತೆಗೆಯಲಿಲ್ಲ.

"ಅಮ್ಮಾರ, ನಾ ಮೀನಾ ತಿಂದೀನ್ರಿ. ಡಬ್ಬ್ಯಾಗ ಕೈ ಹಾಕ್ಲ್ಯಾ?"

ಅತ್ತೆ ಒಂದು ಮಿರ್ಚಿ ತೆಗೆದು ಅವನ ಕೈಗೇ ಇಟ್ಟರು. "ನಿನ್ನ ಹೊಟ್ಟಿ ಬ್ಯಾರೆ ಬಾಣಲಿ. ತಗೊ."