ಪ್ರಿನ್ಸ್ ಸ್ಟ್ರೀಟಿನ ಮನೆ, ಕ್ರೇವನ್ ಸ್ಟ್ರೀಟಿನ ಸಮಾಧಿ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನಿಂದ ಬ್ಯೂಫರ್ಟ್‌ಗೆ ಕಾರಿನಲ್ಲಿ ಎರಡು ಗಂಟೆ ಸಾಕು. ದಾರಿಯುದ್ದಕ್ಕೂ ಉಪ್ಪುನೀರಿನ ಜೌಗು, ದೊಡ್ಡ ದೊಡ್ಡ ಓಕ್ ಮರಗಳು. ಸೆಕೆ ಮಾತ್ರ ನಮ್ಮ ಕರಾವಳಿಯದೇ.

ಮೊದಲು ಹೋಗಿದ್ದು ಪ್ರಿನ್ಸ್ ಸ್ಟ್ರೀಟಿನ 511ನೇ ನಂಬರಿನ ಮನೆಗೆ. ಖಾಸಗಿ ಮನೆ, ರಸ್ತೆಯಲ್ಲೇ ನಿಂತು ನೋಡಬೇಕು. ಗುಲಾಮರಾಗಿ ಹುಟ್ಟಿ ಮುಂದೆ ಶಾಸಕರಾದ ಕಪ್ಪು ನಾಯಕ ರಾಬರ್ಟ್ ಸ್ಮಾಲ್ಸ್ 1839ರಲ್ಲಿ ಹುಟ್ಟಿದ್ದು ಇದರ ಹಿತ್ತಿಲಲ್ಲಿ, ಗುಲಾಮರ ಬಿಡಾರದಲ್ಲಿ. ಗುಲಾಮಗಿರಿ ಬಿಡದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಅಂತರ್ಯುದ್ಧದ ಹೊತ್ತಿಗೆ ತೆರಿಗೆ ಕಟ್ಟದ ಈ ಮನೆ ಹರಾಜಿಗೆ ಬಂತು. ಕೊಂಡವರು ಸ್ಮಾಲ್ಸ್! ಹಳೆಯ ಮಾಲೀಕರು ಸುಮ್ನೆ ಬಿಡ್ತಾರಾ? ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 1878ರಲ್ಲಿ ಸ್ಮಾಲ್ಸ್ ಗೆದ್ದರು.

ಅಲ್ಲಿಂದ ಕುದುರೆ ಸಾರೋಟು ಹತ್ತಿದೆವು. ಗೈಡ್ ಹೇಳಿದ್ದೆಲ್ಲ ಹಡಗಿನ ಕಥೆ. 1862ರ ಮೇ 13ರ ನಸುಕಿನಲ್ಲಿ ಸ್ಮಾಲ್ಸ್ ಕ್ಯಾಪ್ಟನ್‌ನ ಟೋಪಿ ಹಾಕಿಕೊಂಡು, ಹೆಂಡತಿ ಮಕ್ಕಳನ್ನೂ ಹತ್ತಿಸಿಕೊಂಡು, ತಾವು ದುಡಿಯುತ್ತಿದ್ದ ದಕ್ಷಿಣದವರ 'ಪ್ಲಾಂಟರ್' ಹಡಗನ್ನು ಅವರದೇ ಕೋಟೆ ಫೋರ್ಟ್ ಸಮ್ಟರ್ ಮುಂದೆಯೇ ದಾಟಿಸಿ ಉತ್ತರದವರ ನೌಕಾಪಡೆಗೆ ಒಪ್ಪಿಸಿದರು. ರೋಚಕ, ನಿಜ. ನನಗೆ ಮಾತ್ರ ಆಮೇಲಿನದೇ ಜಾಸ್ತಿ ದೊಡ್ಡದು ಅನಿಸುತ್ತದೆ.

ದಕ್ಷಿಣ ಕೆರೊಲಿನಾದಲ್ಲಿ ಗುಲಾಮರಿಗೆ ಓದು ಕಲಿಸುವುದೇ ಅಪರಾಧವಾಗಿತ್ತು. 1868ರಲ್ಲಿ ಅದೇ ರಾಜ್ಯಕ್ಕೆ ಹೊಸ ಸಂವಿಧಾನ ಬರೆಯಲು ಕೂತವರಲ್ಲಿ ಕಪ್ಪು ಜನರೇ ಹೆಚ್ಚು. ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆ ಬೇಕೆಂದು ಪಟ್ಟು ಹಿಡಿದವರಲ್ಲಿ ಸ್ಮಾಲ್ಸ್ ಒಬ್ಬರು. ಅವರು ಸ್ವತಃ ಅಕ್ಷರ ಕಲಿತದ್ದು ಬಿಡುಗಡೆಯಾದ ಮೇಲೆ. ಆಮೇಲೆ ರಾಜ್ಯದ ಕೆಳಮನೆ, ಮೇಲ್ಮನೆ, ಕೊನೆಗೆ ವಾಷಿಂಗ್ಟನ್‌ನ ಕಾಂಗ್ರೆಸ್.

ಸಾರೋಟು ಅಂದ ಮೇಲೆ ಪ್ರಿನ್ಸ್ ರಿವರ್ಸ್ ನೆನಪಾಗದೆ ಇರುತ್ತಾರಾ? ಇದೇ ಊರಲ್ಲಿ ಗುಲಾಮನಾಗಿ ಒಡೆಯನ ಸಾರೋಟು ಓಡಿಸುತ್ತಿದ್ದವರು. ಕಪ್ಪು ಸೈನಿಕರ ಪಡೆಯಲ್ಲಿ ಸಾರ್ಜೆಂಟ್ ಆದರು, ಶಾಸಕರೂ ಆದರು. ಬಿಳಿಯರ ಆಳ್ವಿಕೆ ಮರಳಿದ ಮೇಲೆ ಮತ್ತೆ ಸಾರೋಟು ಓಡಿಸಿಯೇ ಬದುಕಿದರು. ಗೈಡ್‌ಗೆ ಆ ಹೆಸರು ಗೊತ್ತಿರಲಿಲ್ಲ.

ಸ್ಮಾಲ್ಸ್ ಸಮಾಧಿ ಇರುವುದು ಕ್ರೇವನ್ ಸ್ಟ್ರೀಟಿನ ಟ್ಯಾಬರ್ನಾಕಲ್ ಬ್ಯಾಪ್ಟಿಸ್ಟ್ ಚರ್ಚಿನ ಅಂಗಳದಲ್ಲಿ. ಪಕ್ಕದಲ್ಲೇ ಅವರ ಕಂಚಿನ ಮುಖ. ಕೆಳಗೆ ಕೆತ್ತಿರುವ ಮಾತಿನ ಸಾರ ಇಷ್ಟು: ನನ್ನ ಜನರಿಗೆ ಬೇಕಿರುವುದು ಬದುಕಿನ ಹೋರಾಟದಲ್ಲಿ ಸಮಾನ ಅವಕಾಶ. ಅದು 1895ರ ಮಾತು. ಆ ವರ್ಷ, ಆಳ್ವಿಕೆಗೆ ಮರಳಿದ್ದ ಬಿಳಿಯರು ರಾಜ್ಯದ ಸಂವಿಧಾನವನ್ನು ಮತ್ತೆ ಬರೆದರು. ಸಭೆಯಲ್ಲಿದ್ದ ಕಪ್ಪು ಪ್ರತಿನಿಧಿಗಳು ಬರೀ ಆರು ಜನ. ಸ್ಮಾಲ್ಸ್ ಎಷ್ಟು ವಾದಿಸಿದರೂ ಮತ ಹಾಕಲು ಓದು ಬರಹದ ಪರೀಕ್ಷೆ ಬಂದೇ ಬಂತು. ಓದಲು ಬಿಡದಿದ್ದವರೇ ಈಗ ಓದಿ ತೋರಿಸು ಅಂದರು. ಆ ರಾಜ್ಯದ ಶಾಸನಸಭೆಗೆ ಕಪ್ಪು ಜನರು ಮತ್ತೆ ಆರಿಸಿ ಬಂದದ್ದು 1970ರಲ್ಲಿ.